ಹದಿನೇಳನೇ ಗಾಳಿಮಾತಿನ ಆಧಾರ

ಕಾಲೇಜಿನಲ್ಲಿ ಹನ್ನೊಂದು ವರ್ಷ ಪಾಠ ಹೇಳಿದ ಮೇಲೂ ನಮ್ಮ ಮೇಷ್ಟ್ರು ತರಗತಿಯೊಳಗೆ ಹೋಗುವ ಮುನ್ನ ಬಾಗಿಲು ತಟ್ಟುತ್ತಿದ್ದರು. ಒಳಗಿನಿಂದ ಅರವತ್ತು ಜನ ಒಕ್ಕೊರಲಿನಲ್ಲಿ "ಬನ್ನಿ ಸಾರ್" ಎಂದ ಮೇಲೆಯೇ ಅವರ ಬಲಗಾಲು ಹೊಸ್ತಿಲು ದಾಟುತ್ತಿತ್ತು. ಎಡಗಾಲು ಇನ್ನೂ ಸ್ವಲ್ಪ ಹೊತ್ತು ಹೊರಗೇ ಇದ್ದು ಒಳಗಿನ ಪರಿಸ್ಥಿತಿ ಗಮನಿಸುತ್ತಿತ್ತು. ನಾಯಿ, ಲಿಫ್ಟು, ಗುಡುಗು, ಗೊತ್ತಿಲ್ಲದ ನಂಬರಿನಿಂದ ಬರುವ ಫೋನು, ಗೊತ್ತಿರುವ ನಂಬರಿನಿಂದ ಬರುವ ಫೋನು, ಸಹೋದ್ಯೋಗಿಗಳ ನಗು, ಇಷ್ಟಕ್ಕೂ ಅವರು ಹೆದರುತ್ತಿದ್ದರು. ಹೆದರುವ ವಿಷಯದಲ್ಲಿ ಅವರು ಎಂದೂ ಪಕ್ಷಪಾತ ಮಾಡಿದವರಲ್ಲ.

ಇಂಥವರಿಗೆ ಕಾಲೇಜಿನ ಆಡಳಿತ ಮಂಡಳಿಯಿಂದ ಒಂದು ಕಾಗದ ಬಂತು. ಮೂರು ವರ್ಷದೊಳಗೆ ಡಾಕ್ಟರೇಟ್ ತಂದು ತೋರಿಸದ ಅಧ್ಯಾಪಕರು ಆಮೇಲೆ ಕಾಲೇಜಿಗೆ ಬರುವ ತೊಂದರೆ ತೆಗೆದುಕೊಳ್ಳಬೇಕಾಗಿಲ್ಲ ಎಂದು ಅದರಲ್ಲಿ ಬಹಳ ಸೌಜನ್ಯದಿಂದ ಬರೆದಿತ್ತು. ಮೇಷ್ಟ್ರು ಅದನ್ನು ನಾಲ್ಕು ಸಲ ಓದಿದರು. ಪ್ರತಿ ಸಲ ಓದಿದಾಗಲೂ ಸೌಜನ್ಯ ಹೆಚ್ಚಾಗುತ್ತಾ ಹೋಗಿ, ಕೊನೆಗೆ ಅವರ ಕೈಕಾಲು ತಣ್ಣಗಾದವು.

ಸಂಶೋಧನೆ ಮಾಡೋಣವೆಂದರೆ ಏನು ಮಾಡುವುದು? ಹಳೆಯ ಶಾಸನ ಹುಡುಕಲು ಹೋದರೆ ಪೊದೆಯಲ್ಲಿ ಹಾವಿರುತ್ತದೆ. ಹಸ್ತಪ್ರತಿ ಬಿಡಿಸಿದರೆ ಧೂಳಿಗೆ ಉಬ್ಬಸ ಬರುತ್ತದೆ. ಹಳ್ಳಿ ಹಳ್ಳಿ ತಿರುಗೋಣವೆಂದರೆ ಪ್ರತಿ ಹಳ್ಳಿಗೂ ಕನಿಷ್ಠ ಹತ್ತು ನಾಯಿ. ಹೀಗೆ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ, ಅರ್ಧ ತೆರೆದ ಬಾಗಿಲಿನಿಂದ ಮೆಟ್ಟಿಲಿನ ಮೇಲೆ ನಡೆಯುತ್ತಿದ್ದ ಮಾತು ಕಿವಿಗೆ ಬಿತ್ತು. ಅವರಿದ್ದದ್ದು ಹತ್ತು ಮನೆಗಳ ಒಂದು ಹಳೇ ಕಟ್ಟಡ. ಎರಡನೇ ಮಹಡಿಯ ಮೆಟ್ಟಿಲು ತಿರುಗುವ ಕಡೆ ಒಂದಿಷ್ಟು ಜಾಗವಿತ್ತು. ಸಂಜೆ ನಾಲ್ಕಕ್ಕೆ ಅಲ್ಲಿ ಐದಾರು ಜನ ಸೇರಿದರೆಂದರೆ ಉಳಿದವರ ಸಂಸಾರವೆಲ್ಲ ಹೊರಗೆ ಬಿದ್ದು ಗಾಳಿಗೆ ಆರುತ್ತಿತ್ತು. ಸಂಶೋಧನೆಯ ವಸ್ತು ತಾನಾಗಿ ಮನೆ ಬಾಗಿಲಿಗೆ ಬಂದಿತ್ತು. ಕುರ್ಚಿಯಿಂದ ಏಳಲೂ ಬೇಕಾಗಿರಲಿಲ್ಲ. 'ಒಂದು ಕಟ್ಟಡದಲ್ಲಿ ಗಾಳಿಮಾತಿನ ಹುಟ್ಟು ಮತ್ತು ಸಂಚಾರ: ಒಂದು ಅಧ್ಯಯನ' ಎಂದು ಮೇಷ್ಟ್ರು ಹೊಸ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದರು. ಎರಡು ವರ್ಷದಲ್ಲಿ ನಲವತ್ತಮೂರು ಗಾಳಿಮಾತು ಸಂಗ್ರಹವಾದವು.

ಅವರ ಮಾರ್ಗದರ್ಶಕರಾದ ಪ್ರೊಫೆಸರು ಬೇರೆಯೇ ಜಾತಿಯ ಮನುಷ್ಯ. ಅವರ ಬಾಯಲ್ಲಿ ಒಂದೇ ಪ್ರಶ್ನೆ: "ಆಧಾರ ಎಲ್ಲಿ?" ಇವತ್ತು ಮೋಡ ಇದೆ ಸಾರ್ ಎಂದರೆ ಕಿಟಕಿಯ ಹತ್ತಿರ ಹೋಗಿ ನೋಡಿಕೊಂಡು ಬಂದು ಆಮೇಲೆ ತಲೆಯಾಡಿಸುವವರು. ಮದುವೆಗೆ ಹೆಣ್ಣು ನೋಡಲು ಹೋದಾಗ ಹುಡುಗಿಯ ತಂದೆ "ನಮ್ಮ ಮಗಳು ತುಂಬಾ ಒಳ್ಳೆಯವಳು" ಎಂದದ್ದಕ್ಕೂ ಅವರು ಅದನ್ನೇ ಕೇಳಿದರಂತೆ. ಇದಕ್ಕೆ ಆಧಾರವಿಲ್ಲ.

ಪ್ರಬಂಧದ ಕರಡು ಹಿಡಿದು ಮೇಷ್ಟ್ರು ಅವರ ಕೋಣೆಯಲ್ಲಿ ಕುರ್ಚಿಯ ತುದಿಯ ಮೇಲೆ ಕೂತರು. ಪ್ರೊಫೆಸರು ಕೆಂಪು ಪೆನ್ಸಿಲು ಕೈಗೆತ್ತಿಕೊಂಡರು.

"'ಮೂರನೇ ಮಹಡಿಯ ಹಲ್ಲಿನ ಡಾಕ್ಟರು ತಮ್ಮ ಹಲ್ಲು ಕೀಳಿಸಿಕೊಳ್ಳಲು ಯಾರಿಗೂ ಹೇಳದೆ ಬೇರೆ ಊರಿನ ಡಾಕ್ಟರ ಹತ್ತಿರ ಹೋಗಿದ್ದರು.' ಯಾರು ಹೇಳಿದ್ದು ಇದನ್ನ?"

"ಎಲ್ಲರೂ ಹೇಳ್ತಾರೆ ಸಾರ್."

"ಎಲ್ಲರೂ ಅನ್ನೋರ ವಯಸ್ಸೆಷ್ಟು? ಏನು ಕೆಲಸ ಮಾಡ್ತಾರೆ?"

ಮೇಷ್ಟ್ರು ಕುರ್ಚಿಯ ತುದಿಗೆ ಇನ್ನಷ್ಟು ಸರಿದರು.

"ಪುಸ್ತಕದಿಂದ ಒಂದು ಮಾತು ತಗೊಂಡ್ರೆ ಬರೆದವರು ಯಾರು, ಯಾವ ವರ್ಷ, ಎಷ್ಟನೇ ಪುಟ ಅಂತ ಕೊಡ್ತೀರೋ ಇಲ್ವೋ? ಬಾಯಿಂದ ತಗೊಂಡ್ರೂ ಅಷ್ಟೇ. ಯಾರ ಬಾಯಿ, ಯಾವ ತಾರೀಕು, ಯಾವ ಮೆಟ್ಟಿಲು. ಮೊದಲು ಹೇಳಿದವರು ಯಾರು ಅಂತ ಹಿಡೀಬೇಕು. ಎಲ್ಲರ ಹತ್ತಿರಾನೂ ಸಹಿ ಹಾಕಿಸ್ಕೊಂಡು ಬನ್ನಿ."

"ಗಾಳಿಮಾತಿಗೆ... ಸಹೀನಾ ಸಾರ್?"

"ಸಹಿ ಇಲ್ದೇ ಇದ್ರೆ ಅದು ಬರೀ ಗಾಳಿಮಾತು" ಎಂದು ಪ್ರೊಫೆಸರು ಕರಡನ್ನು ವಾಪಸು ತಳ್ಳಿದರು.

ಮೇಷ್ಟ್ರು ಒಂದು ನಮೂನೆ ತಯಾರಿಸಿದರು. 'ಈ ಕೆಳಗೆ ಸಹಿ ಮಾಡಿರುವ ನಾನು, ಇಂಥ ದಿನ, ಇಂಥ ವೇಳೆಗೆ, ಇಂಥವರ ಬಗ್ಗೆ ಈ ಕೆಳಕಂಡ ಗಾಳಿಮಾತನ್ನು ಸ್ವಇಚ್ಛೆಯಿಂದ, ಯಾರ ಬಲವಂತವೂ ಇಲ್ಲದೆ ಆಡಿರುತ್ತೇನೆ.' ಕೆಳಗೆ ಹೆಸರು, ವಯಸ್ಸು, ಉದ್ಯೋಗ, ಮನೆ ಸಂಖ್ಯೆ. ಇದನ್ನು ನಲವತ್ತಮೂರು ಪ್ರತಿ ಮಾಡಿಸಿಕೊಂಡು, ಒಂದು ರಟ್ಟಿನ ಫೈಲಿಗೆ ಸಿಕ್ಕಿಸಿ, ಎದೆ ಗಟ್ಟಿ ಮಾಡಿಕೊಂಡು ಮೇಷ್ಟ್ರು ಬಾಗಿಲು ಬಾಗಿಲಿಗೆ ಹೊರಟರು. ಇಂಥ ಕೆಲಸಕ್ಕೆ ಧೈರ್ಯಸ್ಥರು ಯಾರೂ ಹೊರಡುವುದಿಲ್ಲ. ಪ್ರೊಫೆಸರಿಗೆ ಹೆದರಿದ ಮನುಷ್ಯ ಮಾತ್ರ ಹೊರಡುತ್ತಾನೆ.

ಒಂದನೇ ಮಹಡಿಯ ಟೈಲರು ನಮೂನೆಯನ್ನು ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿದ. "ಮೇಷ್ಟ್ರೇ, ನಾನು ಈ ಕಟ್ಟಡಕ್ಕೆ ಬಂದಾಗಿನಿಂದ ಬಾಯೇ ಬಿಟ್ಟಿಲ್ಲ" ಎಂದು ಬಾಗಿಲು ಹಾಕಿಕೊಂಡ. ಬಾಯಲ್ಲಿ ಸದಾ ನಾಲ್ಕು ಗುಂಡುಸೂಜಿ ಕಚ್ಚಿಕೊಂಡೇ ನಾಲ್ಕು ಮನೆಯ ಸುದ್ದಿ ಹೇಳುತ್ತಿದ್ದ ಮನುಷ್ಯ ಅವನು. ಹಲ್ಲಿನ ಡಾಕ್ಟರ ಹೆಂಡತಿ ತನ್ನ ಗಂಡನ ಬಗೆಗಿನ ಗಾಳಿಮಾತನ್ನು ಮೊದಲು ಹಬ್ಬಿಸಿದ್ದು ತಾನೇ ಎಂಬುದು ನೆನಪಾಗಿ, "ಅಯ್ಯೋ, ಒಲೆ ಮೇಲೆ ಏನೋ ಇಟ್ಟಿದ್ದೀನಿ" ಎಂದು ಒಳಗೆ ಓಡಿದವರು ಆ ದಿನವೆಲ್ಲ ಒಲೆಯ ಮುಂದೆಯೇ ಇದ್ದರು.

ಮಾರನೇ ದಿನ ಸಂಜೆ ನಾಲ್ಕಕ್ಕೆ ಮೆಟ್ಟಿಲಿನ ತಿರುವಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಅದರ ಮಾರನೇ ದಿನವೂ ಇಲ್ಲ. ಎದುರು ಬದುರು ಸಿಕ್ಕವರು "ಊಟ ಆಯ್ತಾ" ಎಂದು ಕೇಳಲೂ ಹಿಂದೆ ಮುಂದೆ ನೋಡತೊಡಗಿದರು. ಊಟ ಆಯಿತು ಎಂದರೆ ನಾಳೆ ಅದಕ್ಕೂ ಸಹಿ ಕೇಳಿದರೆ? ಕಟ್ಟಡದಲ್ಲಿ ಮೂವತ್ತು ವರ್ಷದಿಂದ ನಿಲ್ಲದೆ ಹರಿದ ಮಾತು ಒಮ್ಮೆಗೇ ನಿಂತು, ಹತ್ತು ಮನೆಗಳಲ್ಲೂ ನಲ್ಲಿ ತೊಟ್ಟಿಕ್ಕುವ ಸದ್ದು ಕೇಳುವ ಹಾಗಾಯಿತು.

"ರೀ, ನನ್ನ ಹತ್ತಿರ ಯಾರೂ ಮಾತಾಡ್ತಾ ಇಲ್ಲ" ಎಂದಳು ಮೇಷ್ಟ್ರ ಹೆಂಡತಿ, ಅಳುವ ಹಾಗೆ. "ನಾನು ಟೆರೇಸಿಗೆ ಬಟ್ಟೆ ಒಣಗಿಹಾಕಕ್ಕೆ ಹೋದ್ರೆ ಅಲ್ಲಿದ್ದೋರೆಲ್ಲ ಹಸಿ ಬಟ್ಟೆನೇ ಎತ್ಕೊಂಡು ಇಳಿದುಬಿಡ್ತಾರೆ."

ಒಬ್ಬರು ಮಾತ್ರ ತಾವಾಗಿ ಬಂದರು. ನಾಲ್ಕನೇ ಮಹಡಿಯ ನಿವೃತ್ತ ಪೋಸ್ಟ್‌ಮಾಸ್ಟರು. ಬಂದವರೇ ಪಟ್ಟಿ ಇಸಿದುಕೊಂಡು ಬೆರಳಿಟ್ಟು ನೋಡಿ ಕಿಡಿಕಿಡಿಯಾದರು.

"ಇದೇನ್ರೀ ಅನ್ಯಾಯ! ಒಂಬತ್ತನೇದು ನನ್ನದು. ಇಲ್ಲಿ ಟೈಲರ್ ಹೆಸರು ಹಾಕಿದ್ದೀರಿ. ಅವನಿಗೆ ಹೇಳಿದ್ದೇ ನಾನು! ಇಪ್ಪತ್ತೆರಡನೇದೂ ನನ್ನದೇ. ಇಷ್ಟು ವರ್ಷ ಕಷ್ಟಪಟ್ಟು ಹೇಳ್ಕೊಂಡು ಬಂದಿದ್ದೀನಿ, ನನ್ನ ಹೆಸರು ಎಲ್ಲೂ ಇಲ್ಲ ಅಂದ್ರೆ?"

ಅವರು ಒಂದೇ ಉಸಿರಿಗೆ ಹದಿನಾಲ್ಕು ನಮೂನೆಗೆ ಸಹಿ ಹಾಕಿ, ಎದೆಯುಬ್ಬಿಸಿಕೊಂಡು ಮೇಲೆ ಹೋದರು. ಅದರಲ್ಲಿ ಎರಡು ಅವರ ಮೇಲಿನವೇ ಗಾಳಿಮಾತುಗಳಾಗಿದ್ದವು. ಸಂಶೋಧಕ ಹೇಳಬಾರದೆಂದು ಮೇಷ್ಟ್ರು ಸುಮ್ಮನಿದ್ದರು.

ಹೀಗೆ ಅಳುತ್ತಾ ಕರೆಯುತ್ತಾ ಒಬ್ಬೊಬ್ಬರ ಸಹಿಯೂ ಬಂತು. ಉಳಿದದ್ದು ಒಂದೇ, ಹದಿನೇಳು. ಅದೇ ಪ್ರಬಂಧದ ಬೆನ್ನೆಲುಬು. ಅದೊಂದು ಗಾಳಿಮಾತು ಮಾತ್ರ ಯಾವ ಮನೆಯಿಂದ ಯಾವ ಮನೆಗೆ, ಯಾವ ದಿನ ಹೋಯಿತೆಂಬುದು ಚಾಚೂ ತಪ್ಪದೆ ಗೊತ್ತಾಗಿತ್ತು. ಮೂರನೇ ಅಧ್ಯಾಯದ ನಕ್ಷೆಯೆಲ್ಲ ಅದರ ಮೇಲೆಯೇ ನಿಂತಿತ್ತು. ಅದು ನೆಲಮಹಡಿಯ ನಿವೃತ್ತ ಪೊಲೀಸ್ ಇನ್ಸ್‌ಪೆಕ್ಟರ ವಿಷಯ.

ಇನ್ಸ್‌ಪೆಕ್ಟರೆಂದರೆ ಆರಡಿ ಎತ್ತರ, ಎರಡು ಕಿವಿಗೂ ಸುದ್ದಿ ಮುಟ್ಟಿಸುವಷ್ಟು ಅಗಲದ ಮೀಸೆ. ಅವರು ಕೆಮ್ಮಿದರೆ ನಾಲ್ಕನೇ ಮಹಡಿಯಲ್ಲಿ ರೇಡಿಯೋ ಸಣ್ಣಗಾಗುತ್ತಿತ್ತು. ಅವರ ವಿಷಯವನ್ನು ಮೊದಲು ಹೊರಗೆ ಬಿಟ್ಟವರು ಯಾರೆಂದು ಮೇಷ್ಟ್ರಿಗೆ ಗೊತ್ತಿತ್ತು. ಇನ್ಸ್‌ಪೆಕ್ಟರ ಹೆಂಡತಿಯೇ ಒಂದು ದಿನ ಟೆರೇಸಿನಲ್ಲಿ, ಯಾವುದೋ ಬೇಜಾರಿನಲ್ಲಿ, ಮೇಷ್ಟ್ರ ಹೆಂಡತಿಯ ಹತ್ತಿರ ಹೇಳಿಕೊಂಡದ್ದು. ಅಲ್ಲಿಂದ ಅದು ಒಂಬತ್ತು ಮನೆಗೆ ಹೋಗಲು ಎರಡು ದಿನ ಸಾಕಾಗಿತ್ತು. ಇನ್ಸ್‌ಪೆಕ್ಟರು ಬೆಳಿಗ್ಗೆ ಏಳಕ್ಕೆ ಸರಿಯಾಗಿ ವಾಕಿಂಗ್ ಹೋಗುತ್ತಾರೆ. ಆ ಹೊತ್ತಿಗೆ ಹೋಗಿ ಅಮ್ಮನವರ ಸಹಿ ಹಾಕಿಸಿಕೊಂಡು ಬಂದುಬಿಡುವುದೆಂದು ಮೇಷ್ಟ್ರು ಲೆಕ್ಕ ಹಾಕಿದರು. ಹೆಸರಿನ ಜಾಗದಲ್ಲಿ ಮೊದಲೇ ಹೆಸರು ಬರೆದಿಡೋಣವೆಂದು ಪೆನ್ನು ತೆಗೆದರು. ಮತ್ತೆ ಮುಚ್ಚಳ ಹಾಕಿದರು. ಅಲ್ಲಿಗೆ ಹೋದ ಮೇಲೆ ಬರೆದರಾಯಿತೆಂದು ಖಾಲಿ ಬಿಟ್ಟರು.

ಏಳೂ ಐದಕ್ಕೆ ಕರೆಗಂಟೆ ಒತ್ತಿದರು. ಬಾಗಿಲು ತೆರೆಯಿತು. ಬಾಗಿಲಿನ ತುಂಬ ಮೀಸೆ ನಿಂತಿತ್ತು. ಅವತ್ತು ಇನ್ಸ್‌ಪೆಕ್ಟರ ಬೂಟಿನ ಅಡಿ ಕಿತ್ತುಹೋಗಿ ವಾಕಿಂಗ್ ರದ್ದಾಗಿತ್ತು.

"ಏನ್ ಮೇಷ್ಟ್ರೇ, ನಿಮ್ಮ ಆ ಸಹಿ ಕಾಗದವಾ? ನಮ್ಮ ಮನೆಗೂ ಬಂತಾ! ಕೊಡಿ ಇಲ್ಲಿ."

"ಇಲ್ಲ ಸಾರ್, ಇದು ಬೇರೆ, ಇದು... ನಾಳೆ ಬರ್ತೀನಿ ಸಾರ್..."

ಕಾಗದ ಆಗಲೇ ಕೈ ಬದಲಾಯಿಸಿತ್ತು. ಇನ್ಸ್‌ಪೆಕ್ಟರು ಅದನ್ನು ದೂರ ಹಿಡಿದು, ಠಾಣೆಯಲ್ಲಿ ದೂರು ಓದುವ ಧಾಟಿಯಲ್ಲಿ ಜೋರಾಗಿ ಓದಿದರು. "'ಗಾಳಿಮಾತು ಸಂಖ್ಯೆ ಹದಿನೇಳು. ನೆಲಮಹಡಿಯ ನಿವೃತ್ತ ಪೊಲೀಸ್ ಅಧಿಕಾರಿಗಳು ಮುಚ್ಚಿದ ಕೋಣೆಗೆ ಹೆದರುತ್ತಾರೆ. ಅವರು ಸ್ನಾನ ಮಾಡಿ ಮುಗಿಸುವವರೆಗೂ ಅವರ ಪತ್ನಿಯವರು ಬಚ್ಚಲುಮನೆಯ ಬಾಗಿಲ ಹೊರಗೆ ನಿಂತು ಮಾತಾಡುತ್ತಲೇ ಇರಬೇಕು. ಸಂಚಾರ: ಒಂಬತ್ತು ಮನೆಗಳು. ಮೊದಲು ಹೇಳಿದವರು...'"

ಅಲ್ಲಿಗೆ ಧ್ವನಿ ನಿಂತಿತು. ಒಳಗೆ ಪಾತ್ರೆ ಒರೆಸುತ್ತಿದ್ದ ಅವರ ಹೆಂಡತಿಯ ಕೈಯೂ ನಿಂತಿತು. ಮೇಷ್ಟ್ರ ಉಸಿರು ಅದಕ್ಕೂ ಮುಂಚೆ ನಿಂತಿತ್ತು.

"ಒಂಬತ್ತು ಮನೆ?" ಎಂದರು ಇನ್ಸ್‌ಪೆಕ್ಟರು.

"ಹೌದು ಸಾರ್."

"ಈ ಕಟ್ಟಡದಲ್ಲಿ ಇರೋದೇ ಹತ್ತು."

"ಹತ್ತನೇದು... ನಿಮ್ಮದು ಸಾರ್."

ಇನ್ಸ್‌ಪೆಕ್ಟರ ಮುಖ ಮೊದಲು ಕೆಂಪಾಯಿತು. ಆಮೇಲೆ ಬಿಳಿಚಿಕೊಂಡಿತು. ಬಿಳಿಚಿಕೊಂಡದ್ದೇ ಹೆಚ್ಚು ಭಯ ಹುಟ್ಟಿಸುವ ಹಾಗಿತ್ತು. "ಯಾರು ಹೇಳಿದ್ದು?" ಎಂದರು, ಬಹಳ ಸಣ್ಣ ಧ್ವನಿಯಲ್ಲಿ.

"ಗೊ... ಗೊತ್ತಿಲ್ಲ ಸಾರ್. ಹುಡುಕ್ತಾ ಇದ್ದೀನಿ."

"ನೀವು ಹುಡುಕಿ. ನಾನೂ ಹುಡುಕ್ತೀನಿ" ಎಂದು ಅವರು ಕಾಗದವನ್ನು ನಾಲ್ಕಾಗಿ ಮಡಿಸಿ ಅಂಗಿಯ ಜೇಬಿಗೆ ಇಟ್ಟುಕೊಂಡರು.

ಅವತ್ತೇ ಮೆಟ್ಟಿಲ ಬುಡದಲ್ಲಿ ಒಂದು ಕಬ್ಬಿಣದ ಕುರ್ಚಿ ಬಂತು. ಅದರ ಮೇಲೆ ಇನ್ಸ್‌ಪೆಕ್ಟರು. ಎದುರಿಗೆ ಒಂದು ಮೋಟು ಸ್ಟೂಲು. ಒಳಗೆ ಬರುವವರು, ಹೊರಗೆ ಹೋಗುವವರು ಎಲ್ಲರೂ ಆ ಸ್ಟೂಲಿನ ಮೇಲೆ ಐದು ನಿಮಿಷ ಕೂತೇ ಮುಂದೆ ಹೋಗಬೇಕು. ಇನ್ಸ್‌ಪೆಕ್ಟರು ಏನೂ ಕೇಳುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದರು. ಮೂರನೇ ನಿಮಿಷಕ್ಕೆ ಜನ ತಾವಾಗಿ ಮಾತಾಡಲು ಶುರುಮಾಡುತ್ತಿದ್ದರು. ಟೈಲರು ಯಾರದೋ ಬಟ್ಟೆಯಲ್ಲಿ ಅರ್ಧ ಮೀಟರು ಉಳಿಸಿಕೊಂಡದ್ದನ್ನು ಒಪ್ಪಿಕೊಂಡ. ಹಲ್ಲಿನ ಡಾಕ್ಟರು ತಾವು ಹಲ್ಲು ಕೀಳಿಸಿಕೊಂಡ ಊರಿನ ಹೆಸರನ್ನೂ ಹೇಳಿಬಿಟ್ಟರು. ಪೋಸ್ಟ್‌ಮಾಸ್ಟರು ಹುಮ್ಮಸ್ಸಿನಲ್ಲಿ ಇಳಿದು ಬಂದು "ಹದಿನೇಳೂ ನಂದೇ" ಎಂದವರು, ಮೀಸೆಯನ್ನು ಹತ್ತಿರದಿಂದ ನೋಡಿದ ಮೇಲೆ "ಅಂದ್ರೆ, ನಾಲ್ಕನೇ ಕೈಯದು, ನನಗೂ ಯಾರೋ ಹೇಳಿದ್ದು, ಆಗ ನನಗೆ ಜ್ವರ ಬಂದಿತ್ತು" ಎಂದು ಹಿಂದೆ ಹಿಂದೆಯೇ ಮೆಟ್ಟಿಲು ಹತ್ತಿದರು. ಹಿಂದೊಮ್ಮೆ ಬಚ್ಚಲುಮನೆಯ ನಲ್ಲಿ ರಿಪೇರಿ ಮಾಡಿದ ಪ್ಲಂಬರನನ್ನೂ ಇನ್ಸ್‌ಪೆಕ್ಟರು ಹೇಳಿಕಳುಹಿಸಿ ಕರೆಸಿದರು. ಅವನು ಇನ್ನು ಆ ಬೀದಿಗೇ ಬರುವುದಿಲ್ಲವೆಂದು ಕೈಮುಗಿದು ಹೋದ.

ಇನ್ಸ್‌ಪೆಕ್ಟರು ಕಟ್ಟಡದ ಎಲ್ಲರ ಮೇಲೂ ಅನುಮಾನಪಟ್ಟರು. ತಮ್ಮ ಮನೆಯೊಳಗೆ ಮಾತ್ರ ತಿರುಗಿ ನೋಡಲಿಲ್ಲ.

ಅವರ ಹೆಂಡತಿ ಮೇಷ್ಟ್ರನ್ನು ಟೆರೇಸಿನ ನೀರಿನ ಟ್ಯಾಂಕಿನ ಹಿಂದೆ ಹಿಡಿದರು. ಕಣ್ಣು ಊದಿಕೊಂಡಿತ್ತು.

"ಮೇಷ್ಟ್ರೇ, ನನ್ನ ಹೆಸರು ಮಾತ್ರ ಬೇಡ. ನಿಮ್ಮ ಕಾಲಿಗೆ ಬೀಳ್ತೀನಿ."

"ಅಯ್ಯೋ, ಬೇಡಿ ಅಮ್ಮಾ, ನೀವು ದೊಡ್ಡವರು..."

"ಅವರು ಬೈತಾರೆ ಅಂತಲ್ಲ. ಬೈದ್ರೆ ಬೈಲಿ, ಕೇಳಿ ಅಭ್ಯಾಸ ಇದೆ. ಅವತ್ತು ಏನೋ ಕೋಪ, ಬಾಯಿ ತಪ್ಪಿ ನಿಮ್ಮ ಮನೆಯವರ ಹತ್ತಿರ ಆಡಿಬಿಟ್ಟೆ. ಈ ವಿಷಯ ಲೋಕದಲ್ಲಿ ಗೊತ್ತಿದ್ದದ್ದು ಅವರಿಗೂ ನನಗೂ ಮಾತ್ರ. ಅವರು ಯಾರ್ಯಾರನ್ನೋ ಹಿಡಿದು ಕೇಳ್ತಿದ್ದಾರಲ್ಲ, ನನ್ನ ಒಂದು ಮಾತು ಕೇಳಿಲ್ಲ. ಅಷ್ಟು ನಂಬಿದ್ದಾರೆ." ಅವರು ಮೂಗು ಒರೆಸಿಕೊಂಡು ಒಣಗದ ಬಟ್ಟೆಯ ಹಿಂದಿನಿಂದಲೇ ಇಳಿದುಹೋದರು.

ಮೇಷ್ಟ್ರಿಗೆ ಅಳು ಬಂತು. ಹದಿನೇಳನ್ನೇ ತೆಗೆದುಹಾಕೋಣವೆಂದು ಪ್ರೊಫೆಸರ ಹತ್ತಿರ ಓಡಿದರು. ಅಲ್ಲಿ ಕಥೆ ಕೈ ಮೀರಿತ್ತು. ಗಡುವು ಹತ್ತಿರವಾಯಿತೆಂದು ಆ ಒಂದು ಜಾಗ ಖಾಲಿ ಬಿಟ್ಟೇ ಒಪ್ಪಿಸಿದ್ದ ಪ್ರಬಂಧ ಹೊರಗಿನ ಪರೀಕ್ಷಕರಿಗೆ ಹೋಗಿ, ಅವರು ಓದಿ, ವರದಿಯೂ ಬಂದಾಗಿತ್ತು. ಪ್ರೊಫೆಸರು ಅದನ್ನು ಓದಿ ಹೇಳಿದರು: "'ಅಭ್ಯರ್ಥಿಯ ಕೆಲಸ ಶ್ಲಾಘನೀಯ. ಅದರಲ್ಲೂ ಹದಿನೇಳನೇ ಗಾಳಿಮಾತಿನ ಸಂಚಾರವನ್ನು ಗುರುತಿಸಿರುವ ರೀತಿ ಅಪೂರ್ವ. ಆದರೆ ನೂರ ಹನ್ನೆರಡನೇ ಪುಟದ ಅಡಿಟಿಪ್ಪಣಿಯಲ್ಲಿ ಮೂಲ ವಕ್ತೃವಿನ ಜಾಗ ಖಾಲಿ ಇದೆ. ಮೌಖಿಕ ಪರೀಕ್ಷೆಯಲ್ಲಿ ಅಭ್ಯರ್ಥಿ ಅದನ್ನು ತುಂಬಬೇಕು. ತುಂಬದಿದ್ದರೆ ಪದವಿಗೆ ಶಿಫಾರಸು ಸಾಧ್ಯವಿಲ್ಲ.'"

"ಸಾರ್, ಅದನ್ನ ಬಿಟ್ಟುಬಿಟ್ರೆ?"

"ಬೆನ್ನುಮೂಳೆ ತೆಗೆದ್ರೆ ಮನುಷ್ಯ ನಿಲ್ತಾನೇನ್ರೀ? ಇದೇ ತಿಂಗಳ ಇಪ್ಪತ್ತಾರಕ್ಕೆ ಪರೀಕ್ಷೆ. ನಿಮ್ಮ ಕಾಲೇಜಿನವರು ಮೂವತ್ತಕ್ಕೆ ಗಡುವು ಕೊಟ್ಟಿದ್ದಾರೆ. ಹೇಳಿ ಪಾಸಾಗಿ, ಇಲ್ಲಾಂದ್ರೆ ಮನೇಲಿ ಕೂತ್ಕೊಳ್ಳಿ."

ಹೇಳಿದರೆ ಒಂದು ಮನೆ ಒಡೆಯುತ್ತದೆ. ಹೇಳದಿದ್ದರೆ ತಮ್ಮ ಮನೆ ಬೀದಿಗೆ ಬರುತ್ತದೆ. ಹೆಂಡತಿ "ಯಾರದ್ದಾದ್ರೂ ಹೆಸರು ಹಾಕಿಬಿಡಿ, ಆ ಪ್ಲಂಬರ್ ಹೇಗೂ ಈ ಕಡೆ ಬರಲ್ಲ" ಎಂದಳು. ಮೇಷ್ಟ್ರಿಗೆ ಪ್ಲಂಬರನ ಕೈಯಲ್ಲಿದ್ದ ಸ್ಪ್ಯಾನರಿನ ಅಳತೆ ಕಣ್ಣಿಗೆ ಕಟ್ಟಿತು. ಅನ್ನ ಸೇರದೆ, ನಿದ್ದೆ ಹತ್ತದೆ, ಆ ಹದಿನೈದು ದಿನದಲ್ಲಿ ಅವರ ಪ್ಯಾಂಟಿನ ಬೆಲ್ಟು ಎರಡು ತೂತು ಹಿಂದಕ್ಕೆ ಹೋಯಿತು.

ಮೌಖಿಕ ಪರೀಕ್ಷೆ ಎಂದರೆ ಬಹಿರಂಗ ಪರೀಕ್ಷೆ. ಯಾರು ಬೇಕಾದರೂ ಬಂದು ಕೂತು ಪ್ರಶ್ನೆ ಕೇಳಬಹುದೆಂದು ನಿಯಮದಲ್ಲಿ ಬರೆದಿದೆ. ಬರೆದವರಿಗೆ ಯಾರೂ ಬರುವುದಿಲ್ಲವೆಂಬ ಧೈರ್ಯವಿತ್ತು. ಸಾಮಾನ್ಯವಾಗಿ ಅಭ್ಯರ್ಥಿ, ಪರೀಕ್ಷಕರು, ಮಾರ್ಗದರ್ಶಕರು ಮತ್ತು ಕೋಣೆ ತಪ್ಪಿ ಬಂದ ಒಬ್ಬರು, ಇಷ್ಟೇ ಜನ. ಅವತ್ತು ಮಾತ್ರ ಸಭಾಂಗಣದಲ್ಲಿ ಕಟ್ಟಡಕ್ಕೆ ಕಟ್ಟಡವೇ ಬಂದು ಕೂತಿತ್ತು. ತಂತಮ್ಮ ಹೆಸರು ಎಷ್ಟನೇ ಪುಟದಲ್ಲಿದೆಯೆಂದು ತಿಳಿಯಬೇಕಿತ್ತು ಎಲ್ಲರಿಗೂ. ಪೋಸ್ಟ್‌ಮಾಸ್ಟರು ಕೋಟು ಹಾಕಿಕೊಂಡು ಮೊದಲ ಸಾಲಿನಲ್ಲಿದ್ದರು. ನಾಲ್ಕನೇ ಸಾಲಿನಲ್ಲಿ ಇನ್ಸ್‌ಪೆಕ್ಟರ ಹೆಂಡತಿ, ಕೈಚೀಲವನ್ನು ಎದೆಗೆ ಅವುಚಿಕೊಂಡು. ಇನ್ಸ್‌ಪೆಕ್ಟರು ಮಾತ್ರ ಎಲ್ಲರಿಗಿಂತ ಹಿಂದೆ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಗದ್ದಲ ಹೆಚ್ಚಾಯಿತೆಂದು ಜವಾನ ಬಾಗಿಲು ಎಳೆದು ಚಿಲಕ ಹಾಕಿದ. ಇನ್ಸ್‌ಪೆಕ್ಟರು ಒಮ್ಮೆ ಚಿಲಕವನ್ನು ನೋಡಿ ಕಾಲರಿನ ಗುಂಡಿ ಬಿಚ್ಚಿಕೊಂಡರು.

ಪರೀಕ್ಷಕರು ದಪ್ಪ ಕನ್ನಡಕದ, ಮೆಲುಮಾತಿನ ವಯಸ್ಸಾದ ಹೆಂಗಸು. ಮೆಲುಮಾತಿನವರನ್ನು ಕಂಡರೆ ಮೇಷ್ಟ್ರಿಗೆ ಇನ್ನೂ ಭಯ. ಮೇಜಿನ ಅಂಚು ಹಿಡಿದುಕೊಂಡು ನಿಂತರು. ಮೇಜೂ ನಡುಗತೊಡಗಿತು.

"ನಿಮ್ಮ ಹದಿನೇಳನೇ ಗಾಳಿಮಾತು ನನಗೆ ತುಂಬಾ ಇಷ್ಟವಾಯ್ತು" ಎಂದರು ಪರೀಕ್ಷಕರು. "ಒಂದು ಸಣ್ಣ ಜಾಗ ಖಾಲಿ ಇದೆ. ಮೊದಲು ಹೇಳಿದವರು ಯಾರು?"

"ಆಧಾರ ಎಲ್ಲಿ?" ಎಂದರು ಪ್ರೊಫೆಸರು, ಅಭ್ಯಾಸಬಲದಿಂದ.

"ಹೌದು. ಆಧಾರ ಎಲ್ಲಿ?" ಎಂದಿತು ಬಾಗಿಲ ಪಕ್ಕದಿಂದ ಮೂರನೆಯ ಧ್ವನಿ. ಕೂತ ಜನರೆಲ್ಲ ಕುರ್ಚಿಯಲ್ಲೇ ಕುಗ್ಗಿದರು.

ಮೇಷ್ಟ್ರು ನಾಲ್ಕನೇ ಸಾಲು ನೋಡಲಿಲ್ಲ. ನೋಡಿದರೆ ತಮ್ಮ ಮುಖವೇ ಎಲ್ಲವನ್ನೂ ಹೇಳಿಬಿಡುತ್ತದೆಂದು ಅವರಿಗೆ ಗೊತ್ತಿತ್ತು. ಕಣ್ಣು ಮುಚ್ಚಿಕೊಂಡರು. ಬಾಯಿ ತಾನಾಗಿ ತೆರೆಯಿತು.

"ನಾನೇ ಮೇಡಂ. ಅದು ಯಾರೂ ಹೇಳಿದ್ದಲ್ಲ. ನಾನೇ ಹುಟ್ಟಿಸಿದ್ದು."

ಪ್ರೊಫೆಸರ ಕೈಯಿಂದ ಕೆಂಪು ಪೆನ್ಸಿಲು ಜಾರಿ ಮೇಜಿನ ಕೆಳಗೆ ಹೋಯಿತು. ಒಂಬತ್ತು ಮನೆಯವರು ಬಾಯಿ ತೆರೆದು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅಂದ್ರೆ, ಇದು ಸುಳ್ಳು?"

"ಹೌದು ಮೇಡಂ. ಪೂರ್ತಿ ಸುಳ್ಳು. ಆ ಮಹನೀಯರು ಯಾವ ಕೋಣೆಗೂ ಹೆದರೋರಲ್ಲ."

"ಸಂಶೋಧನೆಯಲ್ಲಿ ಸುಳ್ಳು ಸೇರಿಸಿದ್ದೀನಿ ಅಂತ ನೀವೇ ಒಪ್ಕೊಂಡ್ರೆ ಪ್ರಬಂಧ ತಿರಸ್ಕಾರ ಆಗುತ್ತೆ. ಮತ್ತೆ ಬರೆಯೋ ಅವಕಾಶಾನೂ ಇರಲ್ಲ. ಗೊತ್ತಲ್ಲ?"

"ಗೊತ್ತು ಮೇಡಂ" ಎಂದರು ಮೇಷ್ಟ್ರು. ಮೂರು ವರ್ಷದ ಕೆಲಸ, ಹನ್ನೊಂದು ವರ್ಷದ ನೌಕರಿ ಎರಡೂ ಆ ಎರಡು ಮಾತಿನಲ್ಲಿ ಹೋದವು. ಮೊದಲನೇ ಸಾಲಿನ ತುದಿಯಲ್ಲಿ ಅವರ ಹೆಂಡತಿ ಕಣ್ಣಿಗೆ ಕರವಸ್ತ್ರ ಒತ್ತಿಕೊಂಡಳು.

ಇನ್ಸ್‌ಪೆಕ್ಟರು ಮೂವತ್ತನಾಲ್ಕು ವರ್ಷ ಸುಳ್ಳು ಹೇಳುವವರ ಮುಖವನ್ನೇ ನೋಡಿದವರು. ಮೇಷ್ಟ್ರ ಮುಖ ನೋಡಿದರು. ಆಮೇಲೆ, ಅಷ್ಟು ದಿನದಲ್ಲಿ ಮೊದಲ ಬಾರಿಗೆ, ತಮ್ಮ ಹೆಂಡತಿಯ ಕಡೆ ನೋಡಿದರು. ಆಕೆ ತಲೆ ತಗ್ಗಿಸಿ ಕೂತಿದ್ದರು. ಕೈಚೀಲ ನಡುಗುತ್ತಿತ್ತು. ನೋಡುತ್ತಾ ನೋಡುತ್ತಾ ಇನ್ಸ್‌ಪೆಕ್ಟರ ಮೀಸೆ ಎರಡೂ ಕಡೆ ಮೆಲ್ಲಗೆ ಇಳಿಯಿತು. ಅವರು ಎದ್ದು ನಿಂತರು. ಹಣೆಯ ಮೇಲೆ ಬೆವರಿನ ಹನಿ ಸಾಲುಗಟ್ಟಿತ್ತು.

"ಮೊದಲು ಯಾರಾದ್ರೂ ಆ ಬಾಗಿಲು ತೆಗೀತೀರಾ" ಎಂದರು.

ಜವಾನ ಚಿಲಕ ತೆಗೆದ. ಇನ್ಸ್‌ಪೆಕ್ಟರು ಹೊರಗಿನ ಗಾಳಿಯನ್ನು ಒಮ್ಮೆ ಉದ್ದಕ್ಕೆ ಎಳೆದುಕೊಂಡರು.

"ಮೇಡಂ, ಈ ಮನುಷ್ಯ ಸುಳ್ಳು ಹೇಳ್ತಾ ಇದ್ದಾರೆ. ಆ ಹದಿನೇಳನೇದು ನಿಜ. ಆ ಅಧಿಕಾರಿ ನಾನೇ. ಕೆಲಸಕ್ಕೆ ಸೇರಿದ ಮೊದಲನೇ ವರ್ಷ ಹಳೇ ಫೈಲು ಇಡೋ ರೂಮಲ್ಲಿ ನಾನಿರೋದು ಗೊತ್ತಿಲ್ದೆ ಹೊರಗಿಂದ ಬೀಗ ಹಾಕ್ಕೊಂಡು ಹೋಗಿಬಿಟ್ರು. ಮೂರು ದಿನ ರಜ. ಕೂಗಿದ್ದು ಯಾರಿಗೂ ಕೇಳಿಸಲಿಲ್ಲ. ಅವತ್ತಿಂದ ಬಾಗಿಲು ಮುಚ್ಚಿದ್ರೆ ಉಸಿರು ಕಟ್ಟುತ್ತೆ. ಸ್ನಾನಕ್ಕೆ ಹೋದ್ರೆ ಒಳಗಿಂದ 'ಇದ್ದೀಯಾ' ಅಂತ ಕೇಳ್ತೀನಿ. ಹೊರಗಿಂದ 'ಇದ್ದೀನಿ' ಅಂತಾಳೆ. ಮತ್ತೆ ಕೇಳ್ತೀನಿ. ಮತ್ತೆ ಹೇಳ್ತಾಳೆ. ನಲವತ್ತು ವರ್ಷ ಆಯ್ತು." ಅವರು ಸಭೆಯನ್ನೆಲ್ಲ ಒಮ್ಮೆ ನೋಡಿದರು. ನಗುವವರಿದ್ದರೆ ನಗಲಿ ಎಂಬಂತೆ ಕಾದರು. ಯಾರೂ ನಗಲಿಲ್ಲ. "ಆ ಖಾಲಿ ಜಾಗದಲ್ಲಿ ನನ್ನ ಹೆಸರು ಬರ್ಕೊಳ್ಳಿ. ಮೊದಲು ಹೇಳಿದ್ದು ನಾನೇ. ಉದ್ಯೋಗ, ನಿವೃತ್ತ ಪೊಲೀಸ್ ಇನ್ಸ್‌ಪೆಕ್ಟರ್. ವಯಸ್ಸು ಅರವತ್ತೈದು."

"ಅರವತ್ತೆಂಟು!" ಎಂದಿತು ನಾಲ್ಕನೇ ಸಾಲಿನಿಂದ ಅಳು ತುಂಬಿದ ಒಂದು ಧ್ವನಿ.

ಆಗ ನಕ್ಕರು ಎಲ್ಲರೂ. ಕಟ್ಟಡದವರು ನಕ್ಕು ಎರಡು ತಿಂಗಳಾಗಿತ್ತು, ಅಷ್ಟನ್ನೂ ಸೇರಿಸಿ ನಕ್ಕರು. ಇನ್ಸ್‌ಪೆಕ್ಟರು "ಆಯ್ತು, ಅರವತ್ತೆಂಟು" ಎಂದು ಒಪ್ಪಿಕೊಂಡು ಕೂತರು.

ಪ್ರೊಫೆಸರು ಮೇಜಿನ ಕೆಳಗಿನಿಂದ ಪೆನ್ಸಿಲು ಹುಡುಕಿಕೊಂಡು ಮೇಲೆದ್ದು, "ಆದ್ರೆ ಇವರೇ ಮೊದಲು ಹೇಳಿದವರು ಅನ್ನೋದಕ್ಕೆ..." ಎಂದು ಶುರುಮಾಡಿದರು.

"ನಾನು ಹೆದರ್ತೀನಿ ಅಂತ ಇಷ್ಟು ಜನರ ಮುಂದೆ ಎದ್ದು ನಿಂತು ಹೇಳಿದ್ದಾರೆ. ಇದಕ್ಕಿಂತ ದೊಡ್ಡ ಆಧಾರ ನನ್ನ ನಲವತ್ತು ವರ್ಷದ ಸರ್ವೀಸಿನಲ್ಲಿ ನಾನಂತೂ ನೋಡಿಲ್ಲ. ನೀವು ನೋಡಿದ್ದೀರಾ?" ಎಂದರು ಪರೀಕ್ಷಕರು, ಅದೇ ಮೆಲುಮಾತಿನಲ್ಲಿ. ಪ್ರೊಫೆಸರು ಪೆನ್ಸಿಲನ್ನು ಜೇಬಿಗೆ ಹಾಕಿಕೊಂಡರು. ಪರೀಕ್ಷಕರು ಮೇಷ್ಟ್ರ ಕಡೆ ತಿರುಗಿ, ಪ್ರಬಂಧದಲ್ಲಿ ಸುಳ್ಳಿಲ್ಲ, ಸುಳ್ಳಿದ್ದದ್ದು ನಿಮ್ಮ ಉತ್ತರದಲ್ಲಿ, ಉತ್ತರವನ್ನು ತಿರಸ್ಕರಿಸಿ ಪ್ರಬಂಧವನ್ನು ಶಿಫಾರಸು ಮಾಡಿದ್ದೇನೆ ಎಂದು ಹೇಳಿ ಸಹಿ ಹಾಕಿದರು. ಮೇಷ್ಟ್ರಿಗೆ ಕಿವಿಯಲ್ಲಿ ಗುಂಯ್‌ಗುಟ್ಟಿ ಅರ್ಧ ಕೇಳಿಸಲಿಲ್ಲ. ಹೆಂಡತಿ ಓಡಿಬಂದು ಕೈ ಹಿಡಿದಾಗಲೇ ತಾವು ಡಾಕ್ಟರಾದದ್ದು ಅವರಿಗೆ ತಿಳಿದದ್ದು.

ಹೊರಗಿನ ಉದ್ದನೆಯ ಪಡಸಾಲೆಯಲ್ಲಿ ಜನ ಗುಂಪು ಗುಂಪಾಗಿ ಮಾತಾಡುತ್ತಾ ಇಳಿದುಹೋದರು. ಇನ್ಸ್‌ಪೆಕ್ಟರ ಹೆಂಡತಿ ಮೇಷ್ಟ್ರ ಹೆಂಡತಿಯ ತೋಳು ಹಿಡಿದುಕೊಂಡು ಮುಂದೆ ನಡೆದಿದ್ದರು. ಇನ್ಸ್‌ಪೆಕ್ಟರು ಕಿಟಕಿಯ ಹತ್ತಿರ ಕಾದಿದ್ದು, ಮೇಷ್ಟ್ರು ಬಂದೊಡನೆ ದಾರಿಗೆ ಅಡ್ಡ ನಿಂತರು. ಹಳೇ ಅಭ್ಯಾಸದಂತೆ ಮೇಷ್ಟ್ರು ಒಂದು ಹೆಜ್ಜೆ ಹಿಂದೆ ಸರಿದರು.

"ನನ್ನ ಹೆಂಡತಿ ಹೇಳಿದ್ದು ಅಂತ ನಿಮಗೆ ಮೊದಲಿಂದ ಗೊತ್ತಿತ್ತು. ಅಲ್ವಾ?"

"ಗೊತ್ತಿತ್ತು ಸಾರ್."

"ಕೆಲಸ ಹೋಗ್ತಾ ಇತ್ತಲ್ರೀ. ಯಾಕೆ ಹೇಳಲಿಲ್ಲ?"

"ಭಯ ಆಯ್ತು ಸಾರ್."

"ಯಾರ ಭಯ? ನನ್ನದಾ?"

"ನಿಮ್ಮ ಭಯ ಇದ್ದೇ ಇದೆ ಸಾರ್. ಅದಲ್ಲ. ನೀವು ಕೋಪದಲ್ಲಿ ಏನಾದ್ರೂ ಅಂದು, ಅವರು ಬೇಜಾರು ಮಾಡ್ಕೊಂಡು, ನಾಳೆಯಿಂದ ಬಾಗಿಲ ಹತ್ತಿರ ನಿಲ್ಲದೇ ಹೋದ್ರೆ... ನೀವು ಒಳಗೆ ಒಬ್ಬರೇ ಏನ್ ಮಾಡ್ತೀರಿ ಅಂತ."

ಇನ್ಸ್‌ಪೆಕ್ಟರು ಕಿಟಕಿಯ ಕಡೆ ತಿರುಗಿಕೊಂಡು, ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡರು.